ಕೂಡಿಸಿ ನೋಡಿದ್ದು ಸಾಕು, ಒಮ್ಮೆ ಕಳೆದು ನೋಡೋಣ

ಎಲ್ಲರಿಗೂ ನಮಸ್ಕಾರ.

ಯಾವ ಆಟಗಾರ, ಯಾವ ಕೋಚ್ ಓವರ್‌ರೇಟೆಡ್, ಯಾರು ಅಂಡರ್‌ರೇಟೆಡ್ ಅನ್ನುವುದು ಇವತ್ತಿನ ಮಾತು. ನೇರವಾಗಿ 2003ರ ಜೂನ್ ತಿಂಗಳಿಗೆ ಹೋಗೋಣ. ರಿಯಲ್ ಮ್ಯಾಡ್ರಿಡ್ ಆಗಷ್ಟೇ ಸ್ಪೇನ್‌ನ ಫುಟ್‌ಬಾಲ್ ಲೀಗ್ ಗೆದ್ದಿತ್ತು. ಗೆದ್ದ ಒಂದೆರಡು ದಿನಕ್ಕೇ ಕೋಚ್ ವಿಸೆಂಟೆ ಡೆಲ್ ಬಾಸ್ಕೆ ಅವರನ್ನು ಮುಂದುವರಿಸುವುದಿಲ್ಲ ಎಂದು ಕ್ಲಬ್ ಹೇಳಿತು. ನಾಲ್ಕು ವರ್ಷದೊಳಗೆ ಎರಡು ಚಾಂಪಿಯನ್ಸ್ ಲೀಗ್, ಎರಡು ಲೀಗ್ ಗೆದ್ದುಕೊಟ್ಟವರು ಅವರು. ಅದೇ ಹೊತ್ತಿಗೆ ಡೇವಿಡ್ ಬೆಕಮ್ ಬಂದರು, ಪ್ರಪಂಚವೆಲ್ಲ ಆ ಕಡೆಗೆ ತಿರುಗಿತು. ಸ್ವಲ್ಪ ದಿನಕ್ಕೆ ಕ್ಲಾಡ್ ಮಕೆಲೆಲೆ ಎಂಬ ಆಟಗಾರ ಸಂಬಳ ಜಾಸ್ತಿ ಮಾಡಿ ಎಂದು ಕೇಳಿ, ಸಿಗದೆ, ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಹೊರಟುಹೋದರು. ಅದು ಅಷ್ಟು ದೊಡ್ಡ ಸುದ್ದಿ ಆಗಲೇ ಇಲ್ಲ.

ಮಕೆಲೆಲೆ ಏನು ಮಾಡುತ್ತಿದ್ದರು ಅಂದರೆ, ಡಿಫೆಂಡರ್‌ಗಳ ಮುಂದೆ ನಿಲ್ಲುತ್ತಿದ್ದರು. ಎದುರಾಳಿ ಬಂದರೆ ಚೆಂಡು ಕಸಿಯುತ್ತಿದ್ದರು. ಕಸಿದ ಚೆಂಡನ್ನು ಹತ್ತಿರ ಇದ್ದವರಿಗೆ ಕೊಡುತ್ತಿದ್ದರು. ಅಷ್ಟೇ. ಗೋಲು ಹೊಡೆಯುವುದು ತೀರಾ ಅಪರೂಪ. ಅವರ ಆಟವನ್ನು ಎರಡು ನಿಮಿಷದ ಹೈಲೈಟ್ಸ್‌ನಲ್ಲಿ ತೋರಿಸಿ ಅಂದರೆ ತೋರಿಸುವುದಕ್ಕೆ ಏನೂ ಸಿಗುವುದಿಲ್ಲ. ಯಾಕೆಂದರೆ ಅವರ ಕೆಲಸವೇ ಏನೂ ಆಗದ ಹಾಗೆ ನೋಡಿಕೊಳ್ಳುವುದು.

ಆಮೇಲೆ ಏನಾಯಿತು? ಜಿದಾನೆ, ರೊನಾಲ್ಡೊ, ಫಿಗೊ, ರೌಲ್, ಬೆಕಮ್ ಎಲ್ಲರೂ ಇದ್ದ ತಂಡ ಮುಂದಿನ ಸೀಸನ್‌ನ ಕೊನೆಯ ಐದು ಲೀಗ್ ಪಂದ್ಯಗಳನ್ನೂ ಸೋತು ನಾಲ್ಕನೇ ಸ್ಥಾನಕ್ಕೆ ಬಿತ್ತು. ಮತ್ತೆ ಲೀಗ್ ಗೆದ್ದಿದ್ದು 2007ರಲ್ಲಿ. ಅತ್ತ ಮಕೆಲೆಲೆ ಇದ್ದ ಚೆಲ್ಸಿ 2004-05ರಲ್ಲಿ 38 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು 15 ಗೋಲು ಮಾತ್ರ, ಲೀಗ್ ಗೆದ್ದರು, ಮುಂದಿನ ವರ್ಷವೂ ಗೆದ್ದರು. ಇದರಲ್ಲಿ ಬೇರೆಯವರ ಪಾಲು ಇಲ್ಲ ಎಂದು ನಾನು ಹೇಳುವುದಿಲ್ಲ. ಚೆಲ್ಸಿಗೂ ಹೊಸ ಕೋಚ್, ಹೊಸ ಆಟಗಾರರು ಬಂದಿದ್ದರು. ಆದರೂ ಒಬ್ಬರು ಹೋದ ಮೇಲೆ ಒಂದು ಕಡೆ ಕುಸಿತ, ಅದೇ ಒಬ್ಬರು ಬಂದ ಮೇಲೆ ಇನ್ನೊಂದು ಕಡೆ ಗೋಡೆ ಎದ್ದು ನಿಂತರೆ, ಅದನ್ನು ಸುಮ್ನೆ ಬಿಟ್ಟುಬಿಡೋಕಾಗಲ್ಲ ಅಲ್ವಾ?

ಓವರ್‌ರೇಟೆಡ್, ಅಂಡರ್‌ರೇಟೆಡ್ ಎಂದು ನಾವು ದಿನಾ ವಾದ ಮಾಡುತ್ತೇವೆ. ಆ ವಾದಗಳೆಲ್ಲ ಕೂಡುವ ಲೆಕ್ಕದಲ್ಲೇ ನಡೆಯುತ್ತವೆ. ಎಷ್ಟು ರನ್, ಎಷ್ಟು ಗೋಲು, ಎಷ್ಟು ಕಪ್. ನಾನು ಕೇಳುವುದು ಕಳೆಯುವ ಲೆಕ್ಕ. ಈ ಮನುಷ್ಯನನ್ನು ತಂಡದಿಂದ ತೆಗೆದರೆ ಏನು ಬೀಳುತ್ತದೆ? ಇದು ಪೂರ್ತಿ ಸರಿಯಾದ ಅಳತೆಗೋಲು ಅಲ್ಲ, ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳುತ್ತೇನೆ. ಆದರೆ ಕೂಡುವ ಲೆಕ್ಕಕ್ಕಿಂತ ಇದು ಎಷ್ಟೋ ನಿಜ ಹೇಳುತ್ತದೆ.

ಕ್ರಿಕೆಟ್‌ಗೆ ಬರೋಣ. 1983ರ ಜೂನ್ 18. ವಿಶ್ವಕಪ್, ಟನ್‌ಬ್ರಿಡ್ಜ್ ವೆಲ್ಸ್, ಎದುರಾಳಿ ಜಿಂಬಾಬ್ವೆ. ಭಾರತ 17 ರನ್‌ಗೆ 5 ವಿಕೆಟ್. ಕಪಿಲ್ ದೇವ್ ಬಂದು ಅಜೇಯ 175 ಹೊಡೆದರು, ಆ ಪಂದ್ಯದ ವಿಡಿಯೊ ಎಲ್ಲೂ ಇಲ್ಲ, ಆದರೂ ನೋಡಿದವರ ಹಾಗೆ ನಾವೆಲ್ಲ ಅದನ್ನು ವರ್ಣಿಸುತ್ತೇವೆ. ಅದು ಸರಿಯೇ, ಆ ಇನ್ನಿಂಗ್ಸ್‌ಗೆ ಎಷ್ಟು ಹೊಗಳಿದರೂ ಕಮ್ಮಿ. ಆದರೆ ಇನ್ನೊಂದು ತುದಿಯಲ್ಲಿ ಯಾರಿದ್ದರು? ಸೈಯದ್ ಕಿರ್ಮಾನಿ. ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಜೊತೆಯಾಟ, ಅದರಲ್ಲಿ ಕಿರ್ಮಾನಿ ಅಜೇಯ 24.

ನಾನು ಬಹಳ ವರ್ಷ ಆ 24ನ್ನು ಸ್ಕೋರ್‌ಕಾರ್ಡಿನ ಕೆಳಗಿನ ಒಂದು ಸಣ್ಣ ಸಂಖ್ಯೆ ಅಂತಲೇ ಓದಿದ್ದೆ. ಈಗ ಕಳೆದು ನೋಡಿ. ಜೊತೆಯಾಟ ಶುರುವಾದಾಗ ಭಾರತ 8 ವಿಕೆಟ್‌ಗೆ 140. ಕಿರ್ಮಾನಿ ಬೇಗ ಔಟಾಗಿದ್ದರೆ ಉಳಿಯುತ್ತಿದ್ದುದು ಒಂದೇ ವಿಕೆಟ್. ಕಪಿಲ್ ಇನ್ನೂ ನೂರು ಮುಟ್ಟಿರಲಿಲ್ಲ, 175 ಎಂಬ ಸಂಖ್ಯೆ ಹುಟ್ಟುತ್ತಿತ್ತೋ ಇಲ್ಲವೋ. ಭಾರತ ಕೊನೆಗೆ 266 ಮಾಡಿ ಗೆದ್ದಿದ್ದು 31 ರನ್‌ಗಳಿಂದ. ಆ ಟೂರ್ನಿಯ ಅತ್ಯುತ್ತಮ ವಿಕೆಟ್ ಕೀಪರ್ ಪ್ರಶಸ್ತಿಯೂ ಕಿರ್ಮಾನಿಯವರಿಗೇ ಬಂತು. ಅದೇ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಯಾರು ಎಂದು ಕೇಳಿದರೆ ಎಷ್ಟು ಜನ ಥಟ್ಟನೆ ಹೇಳುತ್ತಾರೆ? ರೋಜರ್ ಬಿನ್ನಿ, 18 ವಿಕೆಟ್. ಕಪಿಲ್ ಎತ್ತಿ ಹಿಡಿದ ಕಪ್ಪಿನ ಫೋಟೊ ಮಾತ್ರ ಎಲ್ಲರ ಕಣ್ಣಲ್ಲಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಷ್ಟೋ ಸಲ ಓವರ್‌ರೇಟೆಡ್ ಆಗುವುದು ಆಟಗಾರ ಅಲ್ಲ, ಒಂದು ಕ್ಷಣ. 2011ರ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ಧೋನಿಯ ಸಿಕ್ಸರ್ ಎಲ್ಲರಿಗೂ ನೆನಪಿದೆ. ಆ ಹೊಡೆತ ಬಿದ್ದಾಗ ಇನ್ನೂ ಹತ್ತು ಎಸೆತ ಬಾಕಿ ಇದ್ದವು, ಕೈಯಲ್ಲಿ ವಿಕೆಟ್‌ಗಳಿದ್ದವು, ಪಂದ್ಯ ಹೆಚ್ಚುಕಡಿಮೆ ಮುಗಿದಿತ್ತು. ಪಂದ್ಯ ನಿಜವಾಗಿ ಕೈಜಾರುತ್ತಿದ್ದದ್ದು 31 ರನ್‌ಗೆ ಸೆಹ್ವಾಗ್, ಸಚಿನ್ ಇಬ್ಬರೂ ಹೋದಾಗ. ಆಗ ಗಂಭೀರ್ ಮತ್ತು ಕೊಹ್ಲಿ ಸೇರಿಸಿದ 83 ರನ್ ಇಲ್ಲದಿದ್ದರೆ ಧೋನಿಯ ಅಜೇಯ 91ಕ್ಕೆ ಜಾಗವೇ ಇರುತ್ತಿರಲಿಲ್ಲ. ಇದನ್ನು ಹೇಳಿದ ಕೂಡಲೇ ಧೋನಿ ಅಭಿಮಾನಿಗಳು ಸಿಟ್ಟಾಗುತ್ತಾರೆ. ಸಿಟ್ಟಾಗಬೇಕಿಲ್ಲ. ಆ ದಿನ ತಾನೇ ಮೇಲಿನ ಕ್ರಮಾಂಕಕ್ಕೆ ಬಂದ ನಿರ್ಧಾರ ಸಿಕ್ಸರ್‌ಗಿಂತ ದೊಡ್ಡದು, ಅದಕ್ಕೆ ಸಿಗಬೇಕಾದ ಮಾತು ಸಿಕ್ಸರ್‌ಗೆ ಹೋಯಿತು ಅನ್ನುವುದೇ ನನ್ನ ತಕರಾರು.

ದ್ರಾವಿಡ್ ಅಂಡರ್‌ರೇಟೆಡ್ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸಿದ ಮನುಷ್ಯ, ಬೇರೆ ಯಾರೂ ಅಷ್ಟು ಎದುರಿಸಿಲ್ಲ, ಅದು ಎಲ್ಲರಿಗೂ ಗೊತ್ತು, ಎಲ್ಲರೂ ಗೌರವಿಸುತ್ತಾರೆ. ಪ್ರತಿಯೊಬ್ಬರೂ ಅಂಡರ್‌ರೇಟೆಡ್ ಅಂದಮೇಲೆ ಅವರು ಹೇಗೆ ಅಂಡರ್‌ರೇಟೆಡ್ ಆಗುತ್ತಾರೆ?

ಇನ್ನು ಓವರ್‌ರೇಟೆಡ್ ಅನ್ನುವ ಹಣೆಪಟ್ಟಿ. ಅದು ಒಮ್ಮೆ ಅಂಟಿದರೆ ಮನುಷ್ಯರನ್ನು ಬಿಡುವುದಿಲ್ಲ. ಟೆನಿಸ್‌ನ ಅನ್ನಾ ಕೂರ್ನಿಕೋವಾ ಸಿಂಗಲ್ಸ್‌ನಲ್ಲಿ ಒಂದೂ ಡಬ್ಲ್ಯುಟಿಎ (ಮಹಿಳಾ ವೃತ್ತಿಪರ ಟೆನಿಸ್) ಪ್ರಶಸ್ತಿ ಗೆಲ್ಲಲಿಲ್ಲ, ಜಾಹೀರಾತುಗಳಲ್ಲಿ ಮಾತ್ರ ಎಲ್ಲ ಕಡೆ ಕಂಡರು, ಹಾಗಾಗಿ ಆಟವೇ ಬರಲ್ಲ ಅನ್ನುವಷ್ಟು ಮಾತು ಕೇಳಬೇಕಾಯಿತು. ಅವರು 16ನೇ ವಯಸ್ಸಿಗೆ ವಿಂಬಲ್ಡನ್ ಸೆಮಿಫೈನಲ್ ಆಡಿದವರು. ಸಿಂಗಲ್ಸ್‌ನಲ್ಲಿ ವಿಶ್ವದ 8ನೇ ಸ್ಥಾನ, ಡಬಲ್ಸ್‌ನಲ್ಲಿ ಒಂದನೇ ಸ್ಥಾನ. ಮಾರ್ಟಿನಾ ಹಿಂಗಿಸ್ ಜೊತೆ ಎರಡು ಸಲ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರು. ಖ್ಯಾತಿ ಆಟಕ್ಕಿಂತ ಜಾಸ್ತಿ ಆಯಿತು ನಿಜ. ಆದರೆ ಅದರ ಸಿಟ್ಟನ್ನು ಆಟದ ಮೇಲೆ ತೀರಿಸಿಕೊಂಡಿದ್ದು ಅನ್ಯಾಯ.

ಹಾಗಾದರೆ ನಿಮ್ಮ ಪ್ರಕಾರ ಓವರ್‌ರೇಟೆಡ್ ಯಾರು, ಹೆಸರು ಹೇಳಿ ಅಂದರೆ, ಹೇಳುತ್ತೇನೆ. ದೊಡ್ಡ ಆಟಗಾರ ಆಗಿದ್ದರು ಅನ್ನುವ ಒಂದೇ ಕಾರಣಕ್ಕೆ ಕೋಚ್ ಆದವರು. ಮರಡೋನಾ ನನ್ನ ಕಣ್ಣಲ್ಲಿ ಆಟಗಾರನಾಗಿ ಎಷ್ಟು ಎತ್ತರವೋ, ಕೋಚ್ ಆಗಿ ಅಷ್ಟೇ ಅತಿಯಾಗಿ ನಂಬಲ್ಪಟ್ಟವರು. ಅವರ ಅರ್ಜೆಂಟೀನಾ 2009ರಲ್ಲಿ ಬೊಲಿವಿಯಾ ಕೈಲಿ 6-1ರಿಂದ ಸೋತಿತು. 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ 4-0ಯಿಂದ ಕೆಡವಿತು. ಮೆಸ್ಸಿ ತಂಡದಲ್ಲಿದ್ದರು! ಐಸ್ ಹಾಕಿಯಲ್ಲಿ ವೇಯ್ನ್ ಗ್ರೆಟ್ಸ್‌ಕಿ, ಆ ಆಟ ಕಂಡ ಅತಿ ದೊಡ್ಡ ಹೆಸರು, ಫೀನಿಕ್ಸ್ ತಂಡಕ್ಕೆ ನಾಲ್ಕು ಸೀಸನ್ ಕೋಚ್ ಆಗಿದ್ದರು, ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ತನಗೆ ತಾನಾಗಿ ಬಂದ ವಿದ್ಯೆಯನ್ನು ಬರದೆ ಇರುವವರಿಗೆ ಬಿಡಿಸಿ ಹೇಳುವುದು ಬೇರೆಯೇ ಕಸುಬು. ಕ್ಲಬ್‌ಗಳು ಇದನ್ನು ಇವತ್ತಿಗೂ ಮರೆಯುತ್ತಲೇ ಇವೆ.

ಕೋಚ್‌ಗಳ ವಿಷಯದಲ್ಲಿ ನನ್ನ ಕಳೆಯುವ ಲೆಕ್ಕವೂ ತಡವರಿಸುತ್ತದೆ. ಕ್ಲಾಡಿಯೊ ರನಿಯೇರಿ ಅವರನ್ನು ನೋಡಿ. 2014ರ ನವೆಂಬರ್‌ನಲ್ಲಿ ಅವರು ಕೋಚ್ ಆಗಿದ್ದ ಗ್ರೀಸ್, ಫರೋ ದ್ವೀಪಗಳಂಥ ಪುಟ್ಟ ತಂಡದ ಎದುರು ಮನೆಯಂಗಳದಲ್ಲೇ ಸೋತಿತು, ಅವರನ್ನು ತೆಗೆದುಹಾಕಿತು. 2016ರ ಮೇ ತಿಂಗಳಲ್ಲಿ, ಬಾಜಿಯವರು 5000ಕ್ಕೆ 1 ಎಂದು ಲೆಕ್ಕ ಕಟ್ಟಿದ್ದ ಲೆಸ್ಟರ್ ತಂಡಕ್ಕೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು. 2017ರ ಜನವರಿಯಲ್ಲಿ ಫಿಫಾದ ವರ್ಷದ ಕೋಚ್ ಪ್ರಶಸ್ತಿ. ಫೆಬ್ರವರಿಯಲ್ಲಿ ಲೆಸ್ಟರ್ ಕೂಡ ತೆಗೆದುಹಾಕಿತು. ಎರಡೂಕಾಲು ವರ್ಷದಲ್ಲಿ ಒಬ್ಬನೇ ಮನುಷ್ಯ ಅಯೋಗ್ಯ, ಮಾಂತ್ರಿಕ, ಮತ್ತೆ ಅಯೋಗ್ಯ. ಅಷ್ಟರಲ್ಲಿ ಅವರ ತಲೆಯೊಳಗಿನ ಫುಟ್‌ಬಾಲ್ ಎಷ್ಟು ಬದಲಾಗಿದ್ದೀತು?

ದ್ರಾವಿಡ್ ಕೋಚ್ ಆಗಿದ್ದಾಗಲೂ ಇದೇ ಕಥೆ. 2023ರ ನವೆಂಬರ್‌ನಲ್ಲಿ ಭಾರತ ಸತತ ಹತ್ತು ಪಂದ್ಯ ಗೆದ್ದು ವಿಶ್ವಕಪ್ ಫೈನಲ್ ಸೋತಾಗ ಅವರ ಯೋಜನೆಯಲ್ಲಿ ಎಲ್ಲರಿಗೂ ತಪ್ಪೇ ಕಂಡಿತು. ಏಳು ತಿಂಗಳ ನಂತರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಸಾಕಿತ್ತು. ಅಲ್ಲಿಂದ ಪಂದ್ಯ ತಿರುಗಿತು, ಕೊನೆಯ ಓವರ್‌ನ ಮೊದಲ ಎಸೆತಕ್ಕೆ ಸೂರ್ಯಕುಮಾರ್ ಬೌಂಡರಿ ಗೆರೆಯ ಪಕ್ಕದಲ್ಲಿ ಮಿಲ್ಲರ್ ಕ್ಯಾಚ್ ಹಿಡಿದರು, ಭಾರತ 7 ರನ್‌ಗಳಿಂದ ಗೆದ್ದಿತು. ಆ ಕ್ಯಾಚ್ ಅರ್ಧ ಅಡಿ ಆಚೆ ಹೋಗಿದ್ದರೆ ನಾವು ದ್ರಾವಿಡ್ ಬಗ್ಗೆ ಇವತ್ತು ಏನು ಮಾತಾಡುತ್ತಿದ್ದೆವು? ಡ್ರೆಸಿಂಗ್ ರೂಮಿನಲ್ಲಿ ಅವರು ಮಾಡಿದ್ದ ಕೆಲಸ ಎರಡು ಕಡೆಯೂ ಅದೇ.

ಅದಕ್ಕೇ ಕೋಚ್‌ನ ಅಳೆಯಲು ಒಂದು ಫೈನಲ್ ಸಾಲದು, ಉದ್ದದ ಕಾಲ ಬೇಕು. ಅಮೆರಿಕದ ಕೋಚ್ ಫಿಲ್ ಜಾಕ್ಸನ್‌ಗೆ ಏನು, ಮೈಕೆಲ್ ಜೋರ್ಡನ್ ಸಿಕ್ಕರು, ಶಕೀಲ್ ಓನೀಲ್, ಕೋಬಿ ಬ್ರಯಂಟ್ ಸಿಕ್ಕರು, ಯಾರಾದರೂ ಗೆಲ್ಲುತ್ತಿದ್ದರು ಎಂದು ಬ್ಯಾಸ್ಕೆಟ್‌ಬಾಲ್ ನೋಡುವವರು ಹೇಳುತ್ತಾರೆ. ಯಾರಾದರೂ ಗೆಲ್ಲುವುದಾಗಿದ್ದರೆ ಮೊದಲೇ ಗೆಲ್ಲಬೇಕಿತ್ತಲ್ಲ? ಜೋರ್ಡನ್ ಶಿಕಾಗೊ ಬುಲ್ಸ್ ತಂಡಕ್ಕೆ 1984ರಲ್ಲಿ ಬಂದವರು, ಜಾಕ್ಸನ್ ಮುಖ್ಯ ಕೋಚ್ ಆಗಿದ್ದು 1989ರಲ್ಲಿ, ಮೊದಲ ಪ್ರಶಸ್ತಿ ಬಂದಿದ್ದು 1991ರಲ್ಲಿ. ಶಕೀಲ್ ಮತ್ತು ಕೋಬಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿ 1996ರಿಂದ ಒಟ್ಟಿಗೇ ಇದ್ದರು, ಗೆದ್ದಿದ್ದು ಜಾಕ್ಸನ್ ಅಲ್ಲಿಗೆ ಬಂದ ಮೊದಲ ಸೀಸನ್‌ನಲ್ಲಿ, 2000ದಲ್ಲಿ. ದೊಡ್ಡ ದೊಡ್ಡವರನ್ನು ಒಂದೇ ತಂಡದಲ್ಲಿ ವರ್ಷಗಟ್ಟಲೆ ಆಡಿಸುವುದು ಸುಲಭ ಅನ್ನುವವರು ಆ 2003ರ ಮ್ಯಾಡ್ರಿಡ್ ಇನ್ನೊಮ್ಮೆ ನೋಡಲಿ. ಅಲ್ಲಿಂದ ಹೊರಹಾಕಿಸಿಕೊಂಡ ಡೆಲ್ ಬಾಸ್ಕೆ ಸ್ಪೇನ್‌ಗೆ 2010ರ ವಿಶ್ವಕಪ್ ಕೊಟ್ಟರು, 2012ರ ಯುರೋ ಕಪ್ ಕೊಟ್ಟರು. ಆಗಲೂ ಜನ ಅದನ್ನು ಬಾರ್ಸಿಲೋನಾ ಆಟಗಾರರ ಗೆಲುವು ಅಂದರು. ಆ ವಿಶ್ವಕಪ್‌ನ ಮೊದಲ ಪಂದ್ಯ ಸ್ವಿಟ್ಜರ್ಲೆಂಡ್ ಎದುರು ಸೋತಾಗ ಮಧ್ಯದಲ್ಲಿ ಮಕೆಲೆಲೆಯ ಹಾಗೇ ಡಿಫೆಂಡರ್‌ಗಳ ಮುಂದೆ ನಿಲ್ಲುವ ಬುಸ್ಕೆಟ್ಸ್ ಯಾಕೆ ಎಂದು ಎಲ್ಲರೂ ಕೂಗಿದರು, ಡೆಲ್ ಬಾಸ್ಕೆ ಅವರನ್ನು ತೆಗೆಯಲಿಲ್ಲ. ನಾಕೌಟ್‌ನ ನಾಲ್ಕೂ ಪಂದ್ಯ 1-0. ನಾಲ್ಕರಲ್ಲೂ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮಕೆಲೆಲೆಯ ಬೆಲೆ ಗೊತ್ತಿದ್ದ ಕೋಚ್ ಮಾತ್ರ ಹಾಗೆ ಹಟ ಹಿಡಿಯಲು ಸಾಧ್ಯ ಎಂದು ನಾನು ನಂಬಿದ್ದೇನೆ.

ಒಬ್ಬಂಟಿ ಆಟಗಳ ಕೋಚ್‌ಗಳ ಹೆಸರಂತೂ ಯಾರ ಬಾಯಲ್ಲೂ ಬರುವುದಿಲ್ಲ. ಒ. ಎಂ. ನಂಬಿಯಾರ್ ಬಗ್ಗೆ ಹೇಳಿ ಮುಗಿಸುತ್ತೇನೆ. ಶಾಲೆಗೆ ಹೋಗುವ ಹುಡುಗಿಯಾಗಿದ್ದ ಪಿ. ಟಿ. ಉಷಾ ಅವರನ್ನು ಗುರುತಿಸಿ ಬೆಳೆಸಿದವರು ಅವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಸಲ ಸೇರಿತ್ತು. ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿದರು, ಕಂಚು ಗೆದ್ದ ರೊಮೇನಿಯಾದ ಓಟಗಾರ್ತಿಯದು 55.41. ಆ ಸೋಲಿನ ಮಾತು ಬಂದಾಗಲೆಲ್ಲ ಉಷಾ ಹೆಸರು ಬರುತ್ತದೆ, ಅವರನ್ನು ಅಲ್ಲಿಯ ತನಕ ಓಡಿಸಿಕೊಂಡು ಹೋದವರ ಹೆಸರು ಬರುವುದಿಲ್ಲ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ನಂಬಿಯಾರ್ ಇದ್ದರು. ಪದ್ಮಶ್ರೀ ಘೋಷಣೆ ಆಗಿದ್ದು 2021ರಲ್ಲಿ, ಆ ಓಟ ಮುಗಿದು 37 ವರ್ಷಕ್ಕೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.