ಬೊಗೊಟಾದಲ್ಲಿ ಮೊದಲ ನಾಲ್ಕು ದಿನ

ಕೇಳುಗರಿಗೆ ನಮಸ್ಕಾರ.

ಒಂದು ಉಗ್ರಾಣದ ದಾಸ್ತಾನು ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಅಳವಡಿಸುವ ಕೆಲಸಕ್ಕಾಗಿ ಬೆಂಗಳೂರಿನಿಂದ ನಾವು ಐದು ಮಂದಿ ಕೊಲಂಬಿಯಾದ ರಾಜಧಾನಿ ಬೊಗೊಟಾಕ್ಕೆ ಹೋಗಿದ್ದೆವು. ಆ ತಂಡದ ಹೊಣೆ ನನ್ನದಾಗಿತ್ತು. ವೀಸಾ ಕಾಗದಗಳನ್ನು ಹೊಂದಿಸಿದ್ದೆ. ಅಲ್ಲಿಂದ ಭಾರತಕ್ಕೆ ಮರಳುವವರು ಪೀತಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾದ್ದರಿಂದ, ಹತ್ತು ದಿನಗಳಿಗೂ ಮುಂಚೆ ಎಲ್ಲರಿಗೂ ಲಸಿಕೆ ಹಾಕಿಸಿದ್ದೆ. ಆದರೆ ಆ ಊರಿನ ಎತ್ತರವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಆಂಡಿಸ್ ಪರ್ವತಶ್ರೇಣಿಯ ಪ್ರಸ್ಥಭೂಮಿಯ ಮೇಲಿರುವ ಬೊಗೊಟಾ 2,640 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಚಿಕ್ಕದೊಂದು ಕುಕ್ಕರ್ ತಂದಿದ್ದ ಸಹೋದ್ಯೋಗಿಯನ್ನು ನಾವೆಲ್ಲ ಮನಸಾರೆ ಹರಸಿದೆವು.

ಗುರುವಾರ ರಾತ್ರಿ ಇಳಿದವರು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಉಗ್ರಾಣದಲ್ಲಿದ್ದೆವು. ನಮ್ಮ ದೇಹದ ಗಡಿಯಾರದಲ್ಲಿ ಆಗ ಸಂಜೆ ಆರೂವರೆ. ಎರಡನೆಯ ಮಹಡಿಗೆ ಹತ್ತುವಾಗ ತಂಡದಲ್ಲಿ ಎಲ್ಲರಿಗಿಂತ ಹಿರಿಯರಾದ ಮಹಿಳೆ ತಲೆಸುತ್ತಿ, ಏದುಸಿರು ಬಿಡುತ್ತ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಬಾಗಿಲು ಕಾಯುವ ಹೆಂಗಸು ಓಡಿ ಬಂದು, 'ಸುಮೆರ್ಸೆ' ಎಂದು ಕರೆದು, ಅವರ ಕೈಗೊಂದು ಬಿಸಿ ಲೋಟವನ್ನು ಇಟ್ಟಳು. ಅದರಲ್ಲಿದ್ದುದು ಬೆಲ್ಲದ ನೀರು. ಕಬ್ಬಿನ ಹಾಲನ್ನು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವನ್ನು ಅಲ್ಲಿ ಪನೇಲಾ ಎನ್ನುತ್ತಾರೆ. ಅದನ್ನು ಬಿಸಿನೀರಿನಲ್ಲಿ ಕರಗಿಸಿದರೆ ಅಗ್ವಪನೇಲಾ. ಮಂಡ್ಯದ ಕಡೆಯವರಾದ ಆ ಹಿರಿಯರು ಒಂದು ಗುಟುಕು ಕುಡಿದು, 'ಇದು ನಮ್ಮನೆ ಆಲೆಮನೆ ವಾಸನೆ' ಎಂದರು. 'ಸುಮೆರ್ಸೆ' ಎಂಬುದು ಸ್ಪ್ಯಾನಿಷ್‌ನಲ್ಲಿ 'ತಮ್ಮ ಕೃಪೆ' ಎಂಬರ್ಥದ ಹಳೆಯ ಗೌರವದ ನುಡಿ ಸವೆದು ಉಳಿದ ರೂಪವೆಂದೂ, ಆ ಎತ್ತರದ ಸೀಮೆಯಲ್ಲಿ ಅದರಲ್ಲಿ ಗೌರವ, ಅಕ್ಕರೆ ಎರಡೂ ಸೇರಿರುತ್ತವೆಂದೂ ನನಗೆ ಆಮೇಲೆ ತಿಳಿಯಿತು.

ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ದೂರದ, ಎತ್ತರದ ಊರಿಗೆ ತಂಡ ಕರೆದೊಯ್ಯುವವರಿಗೆ ನನ್ನದೊಂದು ಬಿನ್ನಹವಿದೆ: ಮೊದಲ ಎರಡು ದಿನಗಳನ್ನು ಕೆಲಸಕ್ಕೆಂದು ಬರೆದಿಡಬೇಡಿ. ದೇಹ ಆ ತೆಳುಗಾಳಿಗೆ ಒಗ್ಗಲು ಬೇಕಾದ ಸಮಯವನ್ನು ಯಾವ ಅವಸರವೂ ಕಡಿಮೆ ಮಾಡಲಾರದು.

ಶನಿವಾರ ನಿಧಾನವಾಗಿ ನಡೆದಾಡುತ್ತ ಊರಿನ ದಿಕ್ಕುಗಳನ್ನು ಕಲಿತೆವು. ಪೂರ್ವಕ್ಕೆ ಊರಿನುದ್ದಕ್ಕೂ ಬೆಟ್ಟಗಳ ಸಾಲು. ಅದರಲ್ಲಿ ಬಿಳಿಯ ಚರ್ಚ್ ಹೊತ್ತ ಮೊನ್ಸೆರ್ರಾತೆ ಎದ್ದು ಕಾಣುತ್ತದೆ. ಬೆಟ್ಟ ಬಲಗಡೆಗಿದ್ದರೆ ನಮ್ಮ ಮುಖ ಉತ್ತರಕ್ಕಿದೆ ಎಂದರ್ಥ. ಬೆಟ್ಟಕ್ಕೆ ಸಮಾನಾಂತರವಾಗಿ ಸಾಗುವ ರಸ್ತೆ ಕರ್ರೆರಾ, ಬೆಟ್ಟದ ಕಡೆಗೆ ಹೋಗುವುದು ಕಾಯೆ. 'ಕಾಯೆ 72, ನಂಬರ್ 10-34' ಎಂದರೆ ಎಪ್ಪತ್ತೆರಡನೆಯ ಕಾಯೆಯಲ್ಲಿ, ಹತ್ತನೆಯ ಕರ್ರೆರಾ ಕೂಡುವ ಮೂಲೆಯಿಂದ ಸುಮಾರು 34 ಮೀಟರ್ ದೂರದ ಮನೆ. ದೇವಸ್ಥಾನದ ಹಿಂದೆ, ಆಲದ ಮರದ ಎದುರು ಎಂದು ವಿಳಾಸ ಹೇಳಿ ರೂಢಿಯಾದ ನಮಗೆ ಈ ವ್ಯವಸ್ಥೆ ಬಹಳ ಹಿಡಿಸಿತು.

ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಅಲ್ಲಿನ ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳನ್ನು ಮೋಟಾರು ವಾಹನಗಳಿಗೆ ಮುಚ್ಚಿ, ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಾರೆ. ಸಿಕ್ಲೊವೀಯಾ ಎಂಬ ಈ ಪದ್ಧತಿ ಶುರುವಾದದ್ದು 1970ರ ದಶಕದಲ್ಲಿ. ಏಳನೆಯ ಕರ್ರೆರಾದಲ್ಲಿ ಅಜ್ಜಿಯರು, ಮೊಮ್ಮಕ್ಕಳು, ನಾಯಿಗಳ ನಡುವೆ ನಮ್ಮ ಹಿರಿಯರೂ ಆಗಾಗ ನಿಂತು, ಕುಳಿತು, ಒಂದು ಗಂಟೆ ನಡೆದರು.

ಸೋಮವಾರ ಮತ್ತೆ ಉಗ್ರಾಣಕ್ಕೆ ಹೋದಾಗ ಅವರು ಚೀಲದಿಂದ ಹುರಿಗಡಲೆಯ ಪೊಟ್ಟಣವನ್ನು ತೆಗೆದು ಬಾಗಿಲಿನ ಹೆಂಗಸಿಗೆ ಕೊಟ್ಟು, ತಮಗೆ ಬರುತ್ತಿದ್ದ ಒಂದೇ ಒಂದು ಸ್ಪ್ಯಾನಿಷ್ ಮಾತನ್ನು ನುಡಿದರು: 'ಸುಮೆರ್ಸೆ'. ಆಮೇಲೆ ಕಟಕಟೆಯನ್ನು ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದು ಉಸಿರು ತೆಗೆದುಕೊಳ್ಳುತ್ತ, ಎರಡನೆಯ ಮಹಡಿಯನ್ನು ಏರಿದರು. ನಾವು ನಾಲ್ವರೂ ಅವರ ಹಿಂದೆ ಅದೇ ನಡಿಗೆಯಲ್ಲಿ ಹತ್ತಿದೆವು.