ಒಡ್ಡಿಗೆ ಬೆರಳಿಟ್ಟ ಹುಡುಗ

ಕೇಳುಗರೆಲ್ಲರಿಗೂ ನಮಸ್ಕಾರ. ಡಚ್ಚರನ್ನು, ಅಂದರೆ ನೆದರ್ಲೆಂಡ್ಸ್ ದೇಶದ ಜನರನ್ನು, ಹೊರಗಿನವರು ಹೇಗೆ ಕಂಡರು ಎಂಬುದು ಇವತ್ತಿನ ಮಾತು.

ಬೋರ್ನಿಯೋ ದ್ವೀಪದ ನದಿದಂಡೆಯ ಕಾಡುಗಳಲ್ಲಿ ಒಂದು ಜಾತಿಯ ಕೋತಿ ಇದೆ. ಗಂಡಿಗೆ ಬಾಯಿಯ ಮೇಲೆ ಜೋತುಬಿದ್ದ ಮೂಗು, ಉಬ್ಬಿದ ಹೊಟ್ಟೆ, ಕೆಂಚು ಮೈ. ಇಂಡೋನೇಷ್ಯಾದ ಜನ ಅದಕ್ಕೆ ಇಟ್ಟ ಹೆಸರು ‘ಡಚ್ ಕೋತಿ’. ಮೂಗು ಕೆಂಪಾದ, ಹೊಟ್ಟೆ ಬೆಳೆಸಿದ ಡಚ್ ದೊರೆಗಳ ಕೈಕೆಳಗೆ ಬಾಳಿದವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ! ‘ಡಚ್ಚರು ನೆಲ ಕೇಳಿದ ಹಾಗೆ’ ಎಂಬ ಗಾದೆಯೂ ಮಲಯ ಭಾಷೆಯಲ್ಲಿದೆ. ಚೂರು ಕೊಟ್ಟರೆ ಮತ್ತಷ್ಟಕ್ಕೆ ಕೈಚಾಚುವವನಿಗೆ ಈ ಮಾತು.

ಇಂಗ್ಲಿಷರಿಗೆ ಡಚ್ಚರು ಕಡಲಿನ ಎದುರಾಳಿಗಳು. 1652ರಿಂದ 1674ರೊಳಗೆ ಮೂರು ಯುದ್ಧಗಳಾದವು. ಹೆಂಡ ಕುಡಿದಾಗ ಬರುವ ಧೈರ್ಯಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಡಚ್ಚರದೇ ಹೆಸರು. ಹೋಟೆಲಿನಲ್ಲಿ ಅವರವರ ಬಿಲ್ಲು ಅವರವರೇ ಕೊಡುವುದಕ್ಕೂ ಅವರದೇ.

ಇವೆಲ್ಲಕ್ಕಿಂತ ಮುದ್ದಾದ ಚಿತ್ರ ಬಂದದ್ದು ಅಮೆರಿಕದಿಂದ. 1865ರಲ್ಲಿ ಮೇರಿ ಮೇಪ್ಸ್ ಡಾಜ್ ಎಂಬ ಲೇಖಕಿ ‘ಹ್ಯಾನ್ಸ್ ಬ್ರಿಂಕರ್’ ಎಂಬ ಮಕ್ಕಳ ಕಾದಂಬರಿ ಪ್ರಕಟಿಸಿದರು. ಆಗಿನ್ನೂ ಅವರು ನೆದರ್ಲೆಂಡ್ಸ್‌ಗೆ ಕಾಲಿಟ್ಟಿರಲಿಲ್ಲ. ಅದರೊಳಗೊಂದು ಸಣ್ಣ ಕಥೆ: ಹಾರ್ಲೆಮ್ ಊರಿನ ಹುಡುಗನೊಬ್ಬ ಕಡಲ ಒಡ್ಡಿನಲ್ಲಿ ತೂತು ಕಾಣುತ್ತಾನೆ, ರಾತ್ರಿಯಿಡೀ ಅದಕ್ಕೆ ಬೆರಳಿಟ್ಟು ಊರನ್ನು ಉಳಿಸುತ್ತಾನೆ. ಹುಡುಗನಿಗೆ ಕಥೆಯಲ್ಲಿ ಹೆಸರೇ ಇಲ್ಲ. ಓದುಗರೇ ಅವನನ್ನು ಹ್ಯಾನ್ಸ್ ಬ್ರಿಂಕರ್ ಮಾಡಿಬಿಟ್ಟರು. ಕೆರೆ ಏರಿ ಒಡೆಯುವುದನ್ನು ಕಂಡವರಿಗೆ ಗೊತ್ತು, ಮಣ್ಣು ನೀರು ಕುಡಿದು ಸಡಿಲವಾದರೆ ಬೆರಳಲ್ಲ, ಆಳೇ ಅಡ್ಡ ಮಲಗಿದರೂ ನಿಲ್ಲುವುದಿಲ್ಲ. ಆದರೂ ಪ್ರವಾಸಿಗರು ಆ ಹುಡುಗನನ್ನು ಹುಡುಕಿಕೊಂಡು ಬಂದರು. 1950ರಲ್ಲಿ ಸ್ಪಾರ್ನ್‌ಡಾಮ್ ಎಂಬ ಹಳ್ಳಿಯಲ್ಲಿ ಅವನ ಪ್ರತಿಮೆ ಎದ್ದಿತು. ನೋಡಬೇಕೆಂದವರಿಗೆ ತೋರಿಸಿದರಾಯಿತು! ವ್ಯಾಪಾರಿಗಳು ಎಂಬ ಡಚ್ಚರ ಇನ್ನೊಂದು ಹೆಸರು ಮಾತ್ರ ಪೂರ್ತಿ ಸುಳ್ಳಲ್ಲವೇನೋ.

ನನಗೆ ಈ ಕಥೆಯ ಬಗ್ಗೆ ಒಂದು ತಕರಾರಿದೆ. ಒಬ್ಬನೇ ವೀರ ಊರು ಉಳಿಸುವುದು ಡಚ್ಚರ ರೀತಿಯಲ್ಲ. ಹದಿಮೂರನೇ ಶತಮಾನದಿಂದಲೂ ಅಲ್ಲಿ ನೀರಿನ ಮಂಡಳಿಗಳಿವೆ. ತೆರಿಗೆ ಎತ್ತುವುದು, ಒಡ್ಡು ತಪಾಸಣೆ ಮಾಡುವುದು, ಸಭೆ ಸೇರಿ ಗಂಟೆಗಟ್ಟಲೆ ವಾದಿಸುವುದು ಅವುಗಳ ಕೆಲಸ. ಇದರಲ್ಲಿ ಮಕ್ಕಳ ಕಥೆಗೆ ಏನು ಸಿಕ್ಕೀತು?

ಒಬ್ಬ ವೀರನೇ ಬೇಕೆಂದರೆ ನಿಜವಾದವನೂ ಇದ್ದಾನೆ. 1953ರ ಫೆಬ್ರವರಿ 1ರ ನಸುಕಿನಲ್ಲಿ ಉತ್ತರ ಸಮುದ್ರ ಉಕ್ಕಿ ಬಂದು ಆ ದೇಶದಲ್ಲಿ 1,836 ಜನ ಸತ್ತರು. ನ್ಯೂವರ್ಕೆರ್ಕ್ ಎಂಬಲ್ಲಿ ನದಿಯ ಒಡ್ಡು ಬಿರಿಯಿತು. ಅದು ಹೋಗಿದ್ದರೆ ಲಕ್ಷಾಂತರ ಜನರ ನೆಲ ಮುಳುಗುತ್ತಿತ್ತು. ಆರಿ ಎವೆಗ್ರೂನ್ ಎಂಬ ಸರಕು ದೋಣಿಯ ಚಾಲಕ ತನ್ನ ದೋಣಿಯನ್ನೇ ನಡೆಸಿಕೊಂಡು ಹೋಗಿ ಆ ಬಿರುಕಿಗೆ ಅಡ್ಡ ಕೂರಿಸಿದ. ನೀರಿನ ಸೆಳೆತವೇ ಅದನ್ನು ಬಾಗಿಲಿನಂತೆ ಒತ್ತಿ ಹಿಡಿಯಿತು. ಒಡ್ಡು ಉಳಿಯಿತು. ಅಲ್ಲಿಯೂ ಒಂದು ಸ್ಮಾರಕವಿದೆ. ಹೊರನಾಡಿನವರಲ್ಲಿ ಎಷ್ಟು ಜನರಿಗೆ ಅದು ಗೊತ್ತು ಎಂದು ಕೇಳಿನೋಡಿ.

ನಮಸ್ಕಾರ.