ಎರಡು ಬ್ಯಾರನ್

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಜಾಸ್ತಿನೇ ಇದ್ದೀರಿ. ಹಾಗಾದರೆ ನಿಮಗೆ ಬ್ಯಾರನ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮೈಸೂರು ಪೇಟೆಯವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸಬೇಕು. ಬಿಸಿ ಜಾಸ್ತಿಯಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ಬರುವುದಿಲ್ಲ. ರಾತ್ರಿಯೆಲ್ಲ ಒಬ್ಬರು ಒಲೆ ಮುಂದೆ ಕೂತಿರಲೇಬೇಕು. ನಮ್ಮಪ್ಪ ಹಾಗೆ ಕೂತಿದ್ದವರು. ನಾನು ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು, ಓದುವ ನೆಪದಲ್ಲಿ ನಿದ್ದೆ ಮಾಡುತ್ತಿದ್ದೆ.

ಇವತ್ತು ನಾನು ಮಾತಾಡುವುದು ಇನ್ನೊಬ್ಬ ಬ್ಯಾರನ್ ಬಗ್ಗೆ. ಕೆವಿನ್ ಬ್ಯಾರನ್. ಇಂಗ್ಲೆಂಡಿನ ಸಂಸದ, 1983ರಿಂದ 2019ರವರೆಗೆ ಒಂದೇ ಕ್ಷೇತ್ರ, ರಾದರ್ ವ್ಯಾಲಿ. ಹೆಸರು ನೋಡಿ ನನಗೆ ನಗು ಬಂತು. ನಮ್ಮೂರ ಬ್ಯಾರನ್ ಹೊಗೆಸೊಪ್ಪು ಬೇಯಿಸುತ್ತದೆ, ಆ ಊರ ಬ್ಯಾರನ್ ಹೊಗೆಯನ್ನೇ ಹೊರಗೆ ಹಾಕಿದ!

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡಬೇಕು. ನಾನು ಬಿ.ಎ. ಓದಿದ್ದು, ಎಂ.ಎ. ಓದಿದ್ದು, ಆಮೇಲೆ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದು, ಎಲ್ಲದರ ಬುಡದಲ್ಲಿ ಇರುವುದು ಹೊಗೆಸೊಪ್ಪಿನ ದುಡ್ಡು. ನಮ್ಮಣ್ಣ ಈಗಲೂ ತಂಬಾಕು ಮಂಡಳಿಯ ಕಾರ್ಡುದಾರ, ಅಂದರೆ ಅಲ್ಲಿ ಹೆಸರು ಬರೆಸಿದ ಬೆಳೆಗಾರ. ಹಾಗಾಗಿ ತಂಬಾಕಿನ ಬಗ್ಗೆ ನಾನು ಏನೇ ಹೇಳಿದರೂ ಅದನ್ನು ಸ್ವಲ್ಪ ತೂಗಿ ನೋಡಿ ತಗೊಳ್ಳಿ. ಹೀಗೆ ಮೊದಲೇ ಹೇಳಿಕೊಳ್ಳುವುದಕ್ಕೆ ಅಲ್ಲಿನ ಸದನದಲ್ಲಿ ಒಂದು ಹೆಸರಿದೆ, ಹಿತಾಸಕ್ತಿ ಘೋಷಣೆ. ಹೆಸರು ಭಾರವಾಗಿದೆ, ಕೆಲಸ ಸುಲಭ. 'ನನ್ನದೂ ಇದರಲ್ಲಿ ಸ್ವಲ್ಪ ಇದೆ ಸ್ವಾಮಿ' ಅಂತ ಎದ್ದು ನಿಂತು ಹೇಳುವುದು, ಅಷ್ಟೇ. ಇವತ್ತಿನ ನನ್ನ ಮಾತು ಅದರ ಸುತ್ತಲೇ ಇರುತ್ತದೆ.

ಬ್ಯಾರನ್ ಹುಟ್ಟಿದ್ದು 1946ರಲ್ಲಿ. ಹದಿನೈದಕ್ಕೆ ಶಾಲೆ ಬಿಟ್ಟ ಹುಡುಗ. ಮಾಲ್ಟ್‌ಬಿ ಅನ್ನುವ ಊರಿನ ಕಲ್ಲಿದ್ದಲು ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದರು. ಲೇಬರ್ ಪಕ್ಷದಿಂದ ಸಂಸತ್ತಿಗೆ ಹೋದರು. ಹತ್ತು ವರ್ಷ ಆದಮೇಲೆ, 1993ರಲ್ಲಿ, ತಂಬಾಕು ಜಾಹೀರಾತು ನಿಲ್ಲಿಸಬೇಕು ಅಂತ ಖಾಸಗಿ ಸದಸ್ಯರ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತಾವಾಗಿ ತರುವ ಮಸೂದೆ, ತಂದರು. ಅದು ಪಾಸಾಗಲಿಲ್ಲ. ಖಾಸಗಿ ಸದಸ್ಯರ ಮಸೂದೆಗಳ ಹಣೆಬರಹ ಅಲ್ಲೂ ಹಾಗೆ, ಇಲ್ಲೂ ಹಾಗೆ. ಆದರೆ ಮನುಷ್ಯ ವಿಷಯ ಬಿಡಲಿಲ್ಲ.

2005ರಲ್ಲಿ ಅವರು ಸಂಸತ್ತಿನ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಅದೇ ಹೊತ್ತಿಗೆ ಅವರದೇ ಪಕ್ಷದ ಸರ್ಕಾರ ಒಂದು ಆರೋಗ್ಯ ಮಸೂದೆ ತಂದಿತ್ತು. ಒಳಾಂಗಣದಲ್ಲಿ ಧೂಮಪಾನ ನಿಷೇಧ, ಆದರೆ ಎರಡು ಕಡೆ ರಿಯಾಯಿತಿ. ಊಟ ಕೊಡದ ಪಬ್‌ಗಳಿಗೆ ಬಿಡುವು, ಸದಸ್ಯರಿಗೆ ಮಾತ್ರ ಅನ್ನುವ ಖಾಸಗಿ ಕ್ಲಬ್ಬುಗಳಿಗೂ ಬಿಡುವು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕ್ಲಬ್ಬು ಅಂದಾಗ ನಮ್ಮ ಗಾಲ್ಫ್ ಕ್ಲಬ್ಬು, ರೇಸ್ ಕ್ಲಬ್ಬು ನೆನಪಿಗೆ ತಂದುಕೊಳ್ಳಬೇಡಿ. ಇಂಗ್ಲೆಂಡಿನ ಗಣಿ ಊರುಗಳಲ್ಲಿ ಕಾರ್ಮಿಕರೇ ಚಂದಾ ಹಾಕಿ ನಡೆಸುವ ಕ್ಲಬ್ಬುಗಳಿವೆ. ಆಗ ಸಂಜೆ ಪಾಳಿ ಮುಗಿಸಿ ಬಂದವರು ಅಲ್ಲಿ ಕೂತು ಬಿಯರ್ ಕುಡಿಯುತ್ತಿದ್ದರು, ಹರಟುತ್ತಿದ್ದರು, ಸೇದುತ್ತಿದ್ದರು. ಅಂದರೆ ಬ್ಯಾರನ್ ಅವರ ಓಟುಗಳು ಕೂತಿದ್ದು ಅಲ್ಲೇ. ಸರ್ಕಾರ ಕೊಟ್ಟ ರಿಯಾಯಿತಿ ಅವರ ಜನಕ್ಕೇ ಸಿಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ 'ನಮ್ಮ ಕ್ಲಬ್ಬು ಉಳಿಸಿದೆ' ಅಂತ ಬ್ಯಾನರ್ ಕಟ್ಟಿಸುತ್ತಿದ್ದರು.

ಅವರ ಸಮಿತಿ ಹೇಳಿದ್ದು ಉಲ್ಟಾ. ಅವರು ನೋಡಿದ್ದು ಸೇದುವವನನ್ನಲ್ಲ, ಬಡಿಸುವವಳನ್ನು. ಗ್ಲಾಸು ಎತ್ತುವ ಹೆಂಗಸಿಗೆ, ಕೌಂಟರಿನಲ್ಲಿ ನಿಂತ ಹುಡುಗನಿಗೆ ಪಕ್ಕದವರ ಹೊಗೆ ದಿನಕ್ಕೆ ಎಂಟು ಗಂಟೆ ಶ್ವಾಸಕೋಶಕ್ಕೆ ಹೋಗುತ್ತದೆ. ಗಿರಾಕಿಗೆ ಹೊಗೆ ಹಿಡಿಸದಿದ್ದರೆ ಎದ್ದು ಮನೆಗೆ ಹೋಗುತ್ತಾನೆ, ಕೆಲಸಕ್ಕಿರುವವಳು ಎಲ್ಲಿಗೆ ಹೋಗುತ್ತಾಳೆ? ಊಟ ಕೊಡುವ ಪಬ್ಬಿನಲ್ಲಿ ಕೆಲಸ ಮಾಡುವವಳಿಗೆ ರಕ್ಷಣೆ ಇದೆ, ಬರೀ ಕುರುಕಲು ತಿಂಡಿ ಇಡುವ ಪಬ್ಬಿನವಳಿಗೆ ಇಲ್ಲ ಅಂದರೆ ಇದು ಯಾವ ಸೀಮೆ ಲೆಕ್ಕ? ಕಲ್ಲಿದ್ದಲ ಧೂಳಿನಿಂದ ಎದೆ ಹಾಳಾದವರನ್ನು ಹತ್ತಿರದಿಂದ ನೋಡಿದ್ದ ಮನುಷ್ಯನಿಗೆ ಈ ಲೆಕ್ಕ ಬೇಗ ಅರ್ಥವಾಗಿರಬೇಕು ಅಂತ ನನ್ನ ಊಹೆ.

ಬ್ಯಾರನ್ ಮತ್ತು ಸಮಿತಿಯ ಬೇರೆ ಬೇರೆ ಪಕ್ಷದ ಸದಸ್ಯರು ಸೇರಿ ತಿದ್ದುಪಡಿ ಕೊಟ್ಟರು. ಒತ್ತಡ ಜಾಸ್ತಿಯಾಗಿ ಸರ್ಕಾರ ಕೊನೆಗೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಅಪ್ಪಣೆ, ಕೈಬಿಟ್ಟು, ಮನಸ್ಸಿಗೆ ಬಂದಂತೆ ಮತ ಹಾಕಿ ಅಂತು. 2006ರ ಫೆಬ್ರವರಿ 14. ಕ್ಲಬ್ಬುಗಳಿಗೂ ನಿಷೇಧ ಬೇಕು ಅಂದವರು 384, ಬೇಡ ಅಂದವರು 184. ಸರಿಯಾಗಿ ಇನ್ನೂರು ಮತಗಳ ಅಂತರ. 2007ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಪಬ್ಬು, ಕ್ಲಬ್ಬು, ಹೋಟೆಲು ಎಲ್ಲೆಡೆ ಹೊಗೆ ನಿಂತಿತು. ಐರ್ಲೆಂಡ್, ಸ್ಕಾಟ್ಲೆಂಡ್ ಅದಕ್ಕೂ ಮೊದಲೇ ಮಾಡಿದ್ದವು, ಅದನ್ನೂ ಹೇಳಬೇಕು.

ನಮ್ಮಲ್ಲಿ ಇದು ಆಗುತ್ತಿತ್ತಾ? ನಮ್ಮಲ್ಲಿ 1985ರಿಂದ ಸಂವಿಧಾನದಲ್ಲಿ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಇದೆ. ವಿಪ್ ಮೀರಿ ಮತ ಹಾಕಿದರೆ, ಪಕ್ಷ ಹದಿನೈದು ದಿನದಲ್ಲಿ ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ಬಸ್ಸಿನಲ್ಲಿ ರೆಸಾರ್ಟಿಗೆ ಹೋಗುವವರನ್ನು ತಡೆಯುವುದಕ್ಕೆ ಮಾಡಿದ ಕಾನೂನು ಅದು. ರೆಸಾರ್ಟ್ ಯಾತ್ರೆ ನಿಂತಿದೆಯಾ ಇಲ್ಲವಾ ಅನ್ನುವುದು ನಿಮಗೇ ಗೊತ್ತು. ಆದರೆ ಸರ್ಕಾರದ ಆರೋಗ್ಯ ಮಸೂದೆಯಲ್ಲಿ ಒಂದು ಸಾಲು ತಪ್ಪಾಗಿದೆ ಅಂತ ಆಳುವ ಪಕ್ಷದ ಶಾಸಕರೊಬ್ಬರು ಎದ್ದು ಮತ ಹಾಕುವುದಂತೂ ನಿಂತಿದೆ.

ಈಗ ಎರಡನೇ ಭಾಗಕ್ಕೆ ಬರುತ್ತೇನೆ. 2009ರಲ್ಲಿ ಬ್ರಿಟನ್ನಿನಲ್ಲಿ ಸಂಸದರ ಖರ್ಚುವೆಚ್ಚದ ಹಗರಣ ಆಯಿತು. ಮನೆ ರಿಪೇರಿ, ತೋಟ, ಪೀಠೋಪಕರಣ, ಎಲ್ಲದರ ಬಿಲ್ಲೂ ಸಂಸತ್ತಿಗೆ. ಒಬ್ಬ ಮಹಾಶಯರು ಕೊಳದಲ್ಲಿ ಬಾತುಕೋಳಿಗೆ ಕಟ್ಟಿಸಿದ ಮನೆಯ ಬಿಲ್ಲನ್ನೂ ಕಳಿಸಿದ್ದರು! ಅದಕ್ಕೆ ದುಡ್ಡು ಸಿಗಲಿಲ್ಲ, ಬಾತುಕೋಳಿ ಮಾತ್ರ ಜಗತ್ಪ್ರಸಿದ್ಧ ಆಯಿತು. ಆ ಗಲಾಟೆ ಆರುವ ಮೊದಲೇ, 2010ರಲ್ಲಿ, ಸಂಸದರ ನಡತೆ ನೋಡುವ ಸಮಿತಿಗೆ ಬ್ಯಾರನ್ ಅಧ್ಯಕ್ಷರಾದರು. ಸಹೋದ್ಯೋಗಿಗಳ ಮೇಲಿನ ದೂರು ಕೇಳುವ ಕೆಲಸ, ಯಾರಿಗೆ ಇಷ್ಟ ಆಗುತ್ತದೆ ಹೇಳಿ?

ಅವರ ಕಾಲದಲ್ಲಿ ಆದ ಒಂದು ಬದಲಾವಣೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2013ರಿಂದ ಆ ಸಮಿತಿಯೊಳಗೆ ಸಂಸದರಲ್ಲದ ಹೊರಗಿನವರು ಕೂರತೊಡಗಿದರು. ಮೊದಲು ಮೂವರು, ಆಮೇಲೆ ಏಳು ಜನ, ಸಂಸದರಷ್ಟೇ ಸಂಖ್ಯೆ. ಮತ ಹಾಕುವ ಹಕ್ಕು ಸಿಕ್ಕಿದ್ದು ಮಾತ್ರ 2019ರಲ್ಲಿ. ನಮ್ಮ ಕಡೆಯ ಹಳೇ ನ್ಯಾಯಪಂಚಾಯ್ತಿಯಲ್ಲೂ ಇದು ಇತ್ತು. ಅಣ್ಣತಮ್ಮಂದಿರ ಜಗಳ ತೀರ್ಮಾನಕ್ಕೆ ಪಕ್ಕದೂರಿನ ಹಿರಿಯರನ್ನು ಕರೆಸುತ್ತಿದ್ದರು. ಮನೆಯವರೇ ಮನೆಯವರ ತಪ್ಪು ತೀರ್ಮಾನ ಮಾಡಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಬ್ಯಾರನ್ ಅವರನ್ನು ದೇವರು ಮಾಡುವುದು ಬೇಡ. 2016ರಲ್ಲಿ ಅವರ ಮೇಲೇ ಆರೋಪ ಬಂತು. ಜಪಾನಿನ ಔಷಧ ಕಂಪನಿಗಳಿಗಾಗಿ ಸಂಸತ್ ಭವನದಲ್ಲಿ ಕಾರ್ಯಕ್ರಮ ನಡೆಸಿಕೊಟ್ಟರು ಅಂತ ಪತ್ರಿಕೆಗಳಲ್ಲಿ ಬಂತು. ನೋಡಿ, ಮತ್ತೆ ಔಷಧ, ಮತ್ತೆ ಆರೋಗ್ಯ. ಅವರು ಮಾಡಿದ್ದೇನು ಅಂದರೆ, ನನ್ನ ಮೇಲೆ ವಿಚಾರಣೆ ಮಾಡಿ ಅಂತ ತಾವೇ, ಸಂಸದರ ಮೇಲಿನ ದೂರು ತನಿಖೆ ಮಾಡುವ ಆಯುಕ್ತರಿಗೆ ಹೇಳಿ, ಅಧ್ಯಕ್ಷರ ಕುರ್ಚಿಯಿಂದ ಆ ಅವಧಿಗೆ ದೂರ ಸರಿದರು. ನನಗೆ ಈ ಮನುಷ್ಯನ ಕತೆಯಲ್ಲಿ ಹೊಗೆ ನಿಷೇಧಕ್ಕಿಂತ ಈ ಖಾಲಿ ಕುರ್ಚಿ ಜಾಸ್ತಿ ಕಾಡುತ್ತದೆ.

ಯಾಕೆ ಅಂದರೆ ನಮ್ಮಲ್ಲಿ 2015ರಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಸಿಗರೇಟು, ಬೀಡಿ ಪ್ಯಾಕಿನ ಮೇಲೆ ಶೇ. 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಆ ವರ್ಷ ಏಪ್ರಿಲ್‌ನಿಂದ ಜಾರಿ ಆಗಬೇಕಿತ್ತು. ಲೋಕಸಭೆಯ ಒಂದು ಸಮಿತಿ ಪರಿಶೀಲನೆ ಮುಗಿಯುವವರೆಗೆ ತಡೆಯಿರಿ ಅಂತು, ನಿಯಮ ನಿಂತಿತು. ಆ ಸಮಿತಿಯಲ್ಲಿ ಸದಸ್ಯರಾಗಿದ್ದ ಸಂಸದರೊಬ್ಬರು ಸ್ವತಃ ಬೀಡಿ ಉದ್ಯಮಿ! ಪತ್ರಿಕೆಗಳು ಗಲಾಟೆ ಎಬ್ಬಿಸಿದಮೇಲೆ ದೇಶಕ್ಕೆ ಗೊತ್ತಾಯಿತು. ಕೊನೆಗೆ ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ನಿಯಮ ಇಲ್ಲದೆ ಹೀಗಾಯಿತಾ ಅಂದರೆ, ಇದೆ. ಲೋಕಸಭೆಯ ಕಾರ್ಯವಿಧಾನ ನಿಯಮ 255ರಲ್ಲಿ, ಸಮಿತಿಗೆ ಸೇರಿಸಿದವರಿಗೆ ಆ ವಿಷಯದಲ್ಲಿ ಸ್ವಂತ ಲಾಭವಿದೆ ಅಂತ ಬೇರೆ ಸದಸ್ಯರು ಆಕ್ಷೇಪ ಎತ್ತಬಹುದು. ನಿಯಮ 371ರಲ್ಲಿ ಅಂಥವರ ಮತವನ್ನೇ ಪ್ರಶ್ನೆ ಮಾಡಬಹುದು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿ ಬರೆದಿಡುವ ರಿಜಿಸ್ಟರ್ ಕೂಡ ಇದೆ. ಪುಸ್ತಕದಲ್ಲಿ ಎಲ್ಲಾ ಇದೆ. ಆದರೆ ಎದ್ದು ಆಕ್ಷೇಪ ಎತ್ತಬೇಕಾದವರು ಯಾರು? ಇವತ್ತು ನಾನು ನಿನ್ನ ಬೀಡಿ ಕೇಳಿದರೆ ನಾಳೆ ನೀನು ನನ್ನ ಕಾಲೇಜು ಕೇಳುತ್ತೀಯ. ಸುಮ್ನೆ ಇಬ್ಬರೂ ಕೂತರೆ ಇಬ್ಬರಿಗೂ ಕ್ಷೇಮ, ಅಲ್ವಾ?

ಕಾಲೇಜು ಅಂದೆನಲ್ಲ, ಅಲ್ಲಿಗೇ ಬರೋಣ. 2017ರಲ್ಲಿ ನಮ್ಮ ವಿಧಾನಸಭೆಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ಬಂತು. ಆರೋಗ್ಯ ಸಚಿವರಾಗಿದ್ದವರು ಕೆ.ಆರ್. ರಮೇಶ್ ಕುಮಾರ್. ಅವರು ಅದಕ್ಕೆ ಮೊದಲೂ ಆಮೇಲೂ ಸ್ಪೀಕರ್ ಆಗಿದ್ದವರು. ಆರೋಗ್ಯವನ್ನೂ ಸದನದ ಶಿಸ್ತನ್ನೂ ಒಬ್ಬರೇ ನೋಡಿಕೊಂಡ ಉದಾಹರಣೆ ನಮ್ಮಲ್ಲೂ ಇದೆ ಅಂತ ಹೇಳಿದೆ. ಆ ಸದನದ ಮಾತಿನಲ್ಲೇ ಅವರು ಎಡವಿ, 2021ರ ಡಿಸೆಂಬರ್‌ನಲ್ಲಿ ಅತ್ಯಾಚಾರದ ಬಗ್ಗೆ ಆಡಬಾರದ ಮಾತಾಡಿ, ಕ್ಷಮೆ ಕೇಳಿದ್ದೂ ದಾಖಲೆಯಲ್ಲಿದೆ.

ಆ ಮಸೂದೆ ಜಂಟಿ ಪರಿಶೀಲನಾ ಸಮಿತಿಗೆ ಹೋಗಿ ಬಂತು. ಬಿಲ್ಲು ಬಾಕಿ ಇದೆ ಅಂತ ಹೆಣ ಕೊಡದೆ ಇಟ್ಟುಕೊಳ್ಳಬಾರದು, ದೂರು ಕೇಳುವುದಕ್ಕೆ ಜಿಲ್ಲೆಯಲ್ಲಿ ಒಂದು ಸಮಿತಿ ಇರಬೇಕು, ಹೀಗೆ ಹಲವು ಅಂಶಗಳು. ವೈದ್ಯರಿಗೆ ಜೈಲು ಅನ್ನುವ ಮಾತು ಬಂದಾಗ ನವೆಂಬರ್‌ನಲ್ಲಿ ರಾಜ್ಯಾದ್ಯಂತ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗ ಮುಚ್ಚಿದವು. ಆಗ ನಮ್ಮ ಚಿಕ್ಕಮ್ಮನಿಗೆ ಜ್ವರ. ಸರ್ಕಾರಿ ಆಸ್ಪತ್ರೆಯ ಸಾಲು ಗೇಟಿನ ಆಚೆಗೂ ಬಂದಿತ್ತು. ಸಾಲಿನಲ್ಲಿ ನಿಂತೇ ಮೂರು ಪತ್ರಿಕೆ ಓದಿ ಮುಗಿಸಿದೆ, ಮೂರರಲ್ಲೂ ಇದೇ ಸುದ್ದಿ. ಮಾತುಕತೆಯಾಗಿ, ಮಸೂದೆ ಮೆತ್ತಗಾಗಿ, ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು. ವೈದ್ಯರ ಅಳಲಿನಲ್ಲಿ ಹುರುಳಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಸಣ್ಣ ಊರಿನಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವವರಿಗೂ ಐನೂರು ಹಾಸಿಗೆಯ ಆಸ್ಪತ್ರೆಗೂ ಒಂದೇ ಕೋಲು ಹಿಡಿದರೆ ಸಿಟ್ಟು ಬರುತ್ತದೆ.

ನನ್ನ ಪ್ರಶ್ನೆ ಬೇರೆ. ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು, ಆಸ್ಪತ್ರೆ ನಡೆಸುವ ಮನೆತನದವರು ನಮ್ಮ ಸದನದಲ್ಲಿ ಎಲ್ಲಾ ಪಕ್ಷದಲ್ಲೂ ಇದ್ದಾರೆ. ಅದು ಗುಟ್ಟೂ ಅಲ್ಲ, ಅಪರಾಧವೂ ಅಲ್ಲ. ಆಸ್ಪತ್ರೆ ನಡೆಸಿದವರಿಗೆ ಆಸ್ಪತ್ರೆ ಕಷ್ಟ ಗೊತ್ತಿರುತ್ತದೆ, ಅವರ ಮಾತು ಸಮಿತಿಗೆ ಬೇಕು. ಆದರೆ ಮಾತು ಶುರು ಮಾಡುವ ಮೊದಲು 'ನಮ್ಮ ಮನೆಯದೊಂದು ಆಸ್ಪತ್ರೆ ಇದೆ' ಅಂತ ಒಂದು ಸಾಲು ಹೇಳಲಿ. ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್ ಇದೆಯಲ್ಲ ಅನ್ನಬೇಡಿ. ಅದು ಐದು ವರ್ಷಕ್ಕೆ ಒಂದು ಸಲ. ಬ್ರಿಟನ್ನಿನಲ್ಲಿ ಹಿತಾಸಕ್ತಿ ಬದಲಾದರೆ 28 ದಿನದೊಳಗೆ ರಿಜಿಸ್ಟರಿನಲ್ಲಿ ಬರೆಸಬೇಕು.

1881ರ ದಸರೆ ಹೊತ್ತಿಗೆ ದಿವಾನ್ ರಂಗಾಚಾರ್ಲು ಇದೇ ಮೈಸೂರಿನಲ್ಲಿ 144 ಜನರನ್ನು ಸೇರಿಸಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಬಂದವರು ಹೆಚ್ಚಾಗಿ ಜಮೀನುದಾರರು, ವ್ಯಾಪಾರಿಗಳು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಅಹವಾಲು ಹೇಳಿ ಹೋಗುತ್ತಿದ್ದರು. ಆದರೆ ಯಾರು ಯಾವ ಕಸುಬಿನವರು ಅನ್ನುವುದು ಸಭೆಗೆಲ್ಲ ಗೊತ್ತಿತ್ತು, ಮುಚ್ಚುಮರೆ ಇರಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಅಣ್ಣನಿಗೆ ಈ ಕತೆಯೆಲ್ಲ ಹೇಳಿದೆ. ಬ್ಯಾರನ್ ಒಲೆ ಮುಂದೆಯೇ ಕೂತಿದ್ದೆವು. ಪೂರ್ತಿ ಕೇಳಿದ. ಸೌದೆ ಒಳಗೆ ತಳ್ಳಿ, "ಅಲ್ಲ ಕಣೋ, ಆವಯ್ಯನ ಗಣಿ ಈಗ್ಲೂ ನಡೀತಾ ಇದ್ಯಾ?" ಅಂದ.

ಇಲ್ಲ, 2013ರಲ್ಲಿ ಮುಚ್ಚಿತು ಅಂದೆ.

"ಗಣೀಲಿದ್ದೋರಿಗೆ ಬೇರೆ ಕೆಲ್ಸ ಯಾರು ಕೊಟ್ರಂತೆ?"

ಅವನ ಮಾತಿನ ಹಿಂದೆ ಏನಿದೆ ಅಂತ ನಿಮಗೆ ಗೊತ್ತಾಯಿತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದಕ್ಕೆ 2004ರಲ್ಲೇ ಭಾರತ ಒಪ್ಪಿಗೆ ಕೊಟ್ಟಿದೆ. ಅದರ 17ನೇ ಕಲಮು ಬೆಳೆಗಾರನಿಗೆ ಬೇರೆ ದಾರಿ ತೋರಿಸಬೇಕು ಅನ್ನುತ್ತದೆ. ಇತ್ತ ತಂಬಾಕು ಮಂಡಳಿ ಕರ್ನಾಟಕಕ್ಕೆ ವರ್ಷಕ್ಕೆ ಸುಮಾರು ಹತ್ತು ಕೋಟಿ ಕಿಲೋ ಬೆಳೆಯುವುದಕ್ಕೆ ಮಿತಿ ಹಾಕಿ ಕೊಡುತ್ತದೆ. ಹೆಚ್ಚಿನ ಪಾಲು ಬರುವುದು ನಮ್ಮ ಜಿಲ್ಲೆಯಿಂದಲೇ. ರಾಗಿ ಬೆಳೆದರೆ ಮಗಳ ಫೀಸು ಕಟ್ಟೋಕಾಗಲ್ಲ, ಶುಂಠಿ ಹಾಕಿದರೆ ಒಂದು ವರ್ಷ ಚಿನ್ನ, ಮರುವರ್ಷ ಮಣ್ಣು. ಬ್ಯಾರನ್ ಮುಂದೆ ಕೂತು ನನ್ನ ಸಂಸದೀಯ ಮೌಲ್ಯಗಳ ಭಾಷಣ ಕೇಳಿದ ಅಣ್ಣನಿಗೆ ನಾನು ಆ ಕಲಮಿನ ನಂಬರ್ ಹೇಳಿದೆ. "ನಂಬರ್ ಬೇಡ, ರೇಟ್ ಹೇಳು" ಅಂದ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದವರು ಕೇಳಿ. ಹುಣಸೂರು ಕಡೆಯವರು ಮೊದಲು ಕೇಳಲಿ. ಕೇಳುವ ಮುಂಚೆ ಮನೆಯಲ್ಲಿ ಬ್ಯಾರನ್ ಇದೆಯೋ ಇಲ್ಲವೋ, ಅದೊಂದು ಹೇಳಿಬಿಡಿ.